ಎರೆಮಣ್ಣಿನ ದಾರಿಗೆ ಹಳೇ ಫೋರ್‌ವೀಲ್ ಗಾಡಿ: ಕೊಳ್ಳುವ ಮುಂಚೆ ಒಂದಿಷ್ಟು ಲೆಕ್ಕ

ಹೋದ ವರ್ಷ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ನಮ್ಮಜ್ಜಿಗೆ ಉಸಿರಾಡೋದು ಕಷ್ಟವಾಯಿತು. ನಮ್ಮ ಮನೆ ಇರೋದು ತೆಕ್ಕಲಕೋಟೆ ಊರೊಳಗಲ್ಲ. ಊರಿಂದ ಮೂರು ಕಿಲೋಮೀಟರ್ ಆಚೆ, ಗದ್ದೆಗಳ ನಡುವೆ ಹೊಲದ ಮನೆ. ಮನೆಯಲ್ಲಿದ್ದದ್ದು ಹನ್ನೆರಡು ವರ್ಷದ ಒಂದು ಸಣ್ಣ ಕಾರು. ಅಣ್ಣ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ. ಉಪಕಾಲುವೆ ದಾಟೋ ಜಾಗಕ್ಕೆ ಬರೋ ಹೊತ್ತಿಗೆ ಕಾರು ಕೆಸರಲ್ಲಿ ಹೊಟ್ಟೆ ಊರಿ ಕೂತುಬಿಟ್ಟಿತು. ಪಕ್ಕದ ಹೊಲದ ಮಾವನನ್ನು ಎಬ್ಬಿಸಿ, ಟ್ರ್ಯಾಕ್ಟರ್ ತರಿಸಿ, ಹಗ್ಗ ಕಟ್ಟಿ ಎಳೆದು ಟಾರ್ ರಸ್ತೆ ಮುಟ್ಟಿಸೋದಕ್ಕೆ ಮುಕ್ಕಾಲು ತಾಸು ಹಿಡಿಯಿತು. ಅಜ್ಜಿ ಉಳಿದಳು. ಆದರೆ ಡಾಕ್ಟರು "ಇನ್ನೊಂದ್ ಅರ್ಧ ತಾಸು ತಡ ಆಗಿದ್ರೆ..." ಅಂದು ಮಾತು ಅಲ್ಲಿಗೇ ನಿಲ್ಲಿಸಿದರಂತೆ.

ದೀಪಾವಳಿಗೆ ನಾನು ಊರಿಗೆ ಹೋದಾಗ ಅಪ್ಪ ಕೇಳಿದ್ದು ಒಂದೇ: "ನೆಲ್ಲು ಮಾರಿದ ರೊಕ್ಕ ಬರ್ತೈತಿ. ಫೋರ್‌ವೀಲ್ ಗಾಡಿ ತಗೊಂಡುಬಿಡೋಣು. ನೀ ಮೆಕ್ಯಾನಿಕಲ್ ಓದಾಕತ್ತೀ ಅಲ್ಲ, ನೋಡಿ ಹೇಳು ತಮ್ಮಾ."

ಮೂರನೇ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ವೈವಾ ಇನ್ನೊಂದಿಲ್ಲ. ಡಿಫರೆನ್ಷಿಯಲ್ ಚಿತ್ರ ಬರೆದು ಹತ್ತು ಮಾರ್ಕ್ಸ್ ತಗೊಂಡಿದ್ದೆ, ಆದರೆ ಅದನ್ನು ನಂಬಿ ಅಪ್ಪನ ಆರು ಲಕ್ಷ ಹಾಕಬಹುದಾ ಅನ್ನೋ ಪ್ರಶ್ನೆ ಬಂದಾಗ ಬೆವರು ಬಂತು. ನಾಲ್ಕು ತಿಂಗಳು ಓದಿ, ಕೇಳಿ, ಗಾಡಿ ಅಡಿಯಲ್ಲಿ ಮಲಗಿ ತಿಳಿದುಕೊಂಡದ್ದನ್ನು ಇಲ್ಲಿ ಬರೀತಿದ್ದೀನಿ. ನಮ್ಮ ಹಾಸ್ಟೆಲ್‌ನಲ್ಲೇ ಸಿರುಗುಪ್ಪ, ಕುರುಗೋಡು, ಸಿಂಧನೂರು ಕಡೆಯ ಹುಡುಗರು ಎಷ್ಟೋ ಜನ ಇದ್ದೀರಿ. ಈ ಪ್ರಶ್ನೆ ನಿಮ್ಮನೆಗೂ ಬರುತ್ತೆ.

ಮೊದಲು ದಾರಿ ನೋಡಿ, ಆಮೇಲೆ ಗಾಡಿ

ನಮ್ಮ ಸೀಮೆಯಲ್ಲಿ ಮಳೆ ಕಡಿಮೆ. ಬಳ್ಳಾರಿ ಅಂದರೆ ಬಿಸಿಲು ಅಂತಲೇ ಲೆಕ್ಕ. ಹಾಗಾದರೆ ಇಷ್ಟು ಕೆಸರು ಎಲ್ಲಿಂದ? ಸಿರುಗುಪ್ಪ ತಾಲ್ಲೂಕಿನ ಕೆಸರು ಬಹುಪಾಲು ಮೋಡದಿಂದ ಬರೋದಲ್ಲ, ಕಾಲುವೆಯಿಂದ ಬರೋದು. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆಗೆ, ನಾವು ಎಲ್‌ಎಲ್‌ಸಿ ಅನ್ನೋದಕ್ಕೆ, ನೀರು ಬಿಟ್ಟ ಮೇಲೆ ನಾಟಿಯಿಂದ ಕೊಯ್ಲಿನ ತನಕ ಹೊಲದ ದಾರಿಯ ಎರಡೂ ಅಂಚಿಗೆ ನೀರು ನಿಂತೇ ಇರುತ್ತೆ. ದಾರಿ ಕೆಳಗಿಂದಲೇ ನೆನೆಯುತ್ತೆ. ಅದರ ಮೇಲೆ ಕೇಜ್‌ವೀಲ್ ಹಾಕಿಕೊಂಡ ಟ್ರ್ಯಾಕ್ಟರ್‌ಗಳು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗ್ತಾ ದಾರಿಯನ್ನೂ ಉತ್ತುಬಿಡ್ತಾವೆ. ಹಾಗಾಗಿ ಮಲೆನಾಡಿನವರ ಹಾಗೆ "ಮಳೆಗಾಲ ಮೂರು ತಿಂಗಳು ಸುಧಾರಿಸಿಕೊಂಡರಾಯಿತು" ಅನ್ನೋ ಹಾಗಿಲ್ಲ.

ಇನ್ನು ಮಣ್ಣು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಇರುತ್ತೆ ಅಂತ ಸಿವಿಲ್ ಗೆಳೆಯರಿಗೆ ಗೊತ್ತು. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತೆ, ಒಣಗಿದರೆ ಕಾಲು ಸಿಕ್ಕಿಕೊಳ್ಳೋ ಹಾಗೆ ಬಿರುಕು ಬಿಡುತ್ತೆ. ಗಾಡಿಗೆ ಇದರಿಂದ ಎರಡು ಬೇರೆ ಬೇರೆ ಕಾಟ. ಒಂದು, ಗಾಲಿ ಹೂತುಹೋಗೋದು. ಇನ್ನೊಂದು, ಅಂಟು ಮಣ್ಣು ಟೈರಿನ ಬಟನ್‌ಗಳ ಸಂದಿನಲ್ಲಿ ತುಂಬಿಕೊಂಡು ಟೈರು ಬೋಳಾಗಿಬಿಡೋದು. ಹೊಸ ಟೈರು ಹಾಕಿದ್ದರೂ ಇಪ್ಪತ್ತು ಅಡಿ ಹೋಗೋದರೊಳಗೆ ಎಣ್ಣೆ ಸವರಿದ ಉಂಡೆಯ ಹಾಗೆ ತಿರುಗುತ್ತೆ. ಕೆಂಪು ಮಸಾರಿ ನೆಲದಲ್ಲಿ ಎರಡನೇ ಕಾಟ ಇಲ್ಲ. ಅದಕ್ಕೇ ಕೂಡ್ಲಿಗಿ ಕಡೆಯ ಗೆಳೆಯ "ನಮ್ಮಲ್ಲಿ ಬೊಲೆರೊನೇ ಸಾಕಪ್ಪ" ಅಂದರೆ ಅವನ ಮಾತು ಅವನ ಮಣ್ಣಿಗೆ ಸರಿ.

(ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ನೆಲೆ ಸಿಕ್ಕಿತು. ಆ ಜನ ಮನೆ ಕಟ್ಟಿಕೊಂಡಿದ್ದು ಗುಡ್ಡದ ಮೇಲೆ, ಬಂಡೆಗಳ ನಡುವೆ. ಕಾರಣ ಏನೇನೋ ಇರಬಹುದು. ಎರೆ ಕೆಸರು ತುಳಿದು ಬೇಸತ್ತೇ ಮೇಲೆ ಹೋದರು ಅನ್ನೋದು ನನ್ನ ಅನುಮಾನ.)

ನಮ್ಮ ಮೂರು ಕಿಲೋಮೀಟರನ್ನು ಒಂದು ದಿನ ನಡೆದೇ ನೋಡಿದೆ. ಮುಕ್ಕಾಲು ಪಾಲು ದಾರಿ ಗಟ್ಟಿಯಾಗಿದೆ, ಗುಂಡಿ ಇದ್ದಾವೆ ಅಷ್ಟೆ. ಅಲ್ಲಿ ಬೇಕಾಗಿರೋದು ಎತ್ತರ, ಅಂದರೆ ಗ್ರೌಂಡ್ ಕ್ಲಿಯರೆನ್ಸ್. ಆರುನೂರು ಮೀಟರ್ ಕೆಸರು. ಅಲ್ಲಿ ಬೇಕಾಗಿರೋದು ಹಿಡಿತ. ಉಪಕಾಲುವೆ ಏರಿಯ ಹತ್ತಿರ ಅರವತ್ತು ಮೀಟರ್ ಕೆಸರೂ ಹೌದು, ಏರೂ ಹೌದು. ನಿಮ್ಮ ದಾರಿಯಲ್ಲಿ ಬರೀ ಗುಂಡಿ ಇದ್ದರೆ ಫೋರ್‌ವೀಲ್‌ಗೆ ರೊಕ್ಕ ಹಾಕಬೇಡಿ. ಎತ್ತರದ ಟೂವೀಲ್ ಡ್ರೈವ್ ಗಾಡಿ ಸಾಕು, ಡೀಸೆಲ್ಲೂ ಉಳಿಯುತ್ತೆ, ರಿಪೇರಿಯೂ ಕಡಿಮೆ.

ಲೆಕ್ಕ

ಈಗ ಹಾಳೆ, ಪೆನ್ನು. ಏಳು ಜನ ಕೂತ ಗಾಡಿಯ ಒಟ್ಟು ತೂಕ 2,200 ಕೆ.ಜಿ. ಅಂದುಕೊಳ್ಳಿ. ಜನ ಹಿಂದೆ ಕೂತಿರೋದರಿಂದ ಹಿಂದಿನ ಆಕ್ಸಲ್ ಮೇಲೆ ಶೇ. 55, ಅಂದರೆ 1,210 ಕೆ.ಜಿ. ಬೀಳುತ್ತೆ. ಒದ್ದೆ ಎರೆಮಣ್ಣಿನ ಮೇಲೆ ಘರ್ಷಣಾಂಕ 0.25 ಅಂತ ಇಟ್ಟುಕೊಳ್ಳೋಣ. ಕೆಸರು ಸೀಳಿಕೊಂಡು ಹೋಗೋ ಪ್ರತಿರೋಧ ತೂಕದ ಶೇ. 15 ಇರಲಿ. ಇವು ನಾನು ಅಳೆದ ಸಂಖ್ಯೆಗಳಲ್ಲ, ಲೆಕ್ಕಕ್ಕೆ ಊಹಿಸಿಕೊಂಡವು. ಆದರೆ ತಮಾಷೆ ನೋಡಿ.

ಪ್ರತಿರೋಧ: 2,200ರ ಶೇ. 15, ಅಂದರೆ 330 ಕೆ.ಜಿ. ಬಲ. ಹಿಂದಿನ ಎರಡೇ ಗಾಲಿ ಎಳೆದರೆ ಸಿಗೋ ಹಿಡಿತ: 1,210 × 0.25, ಸುಮಾರು 302. ಸಾಲದು, ಗಾಡಿ ನಿಂತಲ್ಲೇ ತಿರುಗುತ್ತೆ. ನಾಲ್ಕೂ ಗಾಲಿ ಎಳೆದರೆ: 2,200 × 0.25, ಅಂದರೆ 550. ಆರಾಮಾಗಿ ಹೋಗುತ್ತೆ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಾಲುವೆ ಏರಿ ಹತ್ತಕ್ಕೆ ಒಂದರ ಏರು ಅಂತ ಹಿಡಿದು ಅದರ 220 ಕೆ.ಜಿ. ಸೇರಿಸಿದೆ. 330 + 220 = 550. ಹಿಡಿತವೂ 550! ಅಂದರೆ ನಾಲ್ಕು ಗಾಲಿ ಎಳೆದರೂ ಆ ಅರವತ್ತು ಮೀಟರ್‌ನಲ್ಲಿ ಗಾಡಿ ಅನುಮಾನ. ಘರ್ಷಣಾಂಕ ಚೂರು ಇಳಿದರೆ ನಿಂತಂತೆಯೇ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತೀನಿ.

ಈ ಲೆಕ್ಕದಲ್ಲಿ ಎಂಜಿನ್ ಪವರ್ ಎಲ್ಲೂ ಬರಲಿಲ್ಲ ಅನ್ನೋದನ್ನು ಗಮನಿಸಿದಿರಾ? ಎಷ್ಟು ಬಿಎಚ್‌ಪಿ ಅಂತ ಎಲ್ಲರೂ ಕೇಳ್ತಾರೆ. ಕೆಸರಲ್ಲಿ ಕಡಿಮೆ ಬೀಳೋದು ಹಿಡಿತ, ಪವರ್ ಅಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಾಕುವಾಗಲೂ ಇದೇ ಮಾತು: ನಾಲ್ಕು ಗಾಲಿಗೂ ಬ್ರೇಕ್ ಎಲ್ಲ ಗಾಡಿಯಲ್ಲೂ ಇದೆ, ಫೋರ್‌ವೀಲ್ ಗಾಡಿ ಬೇಗ ನಿಲ್ಲೋದಿಲ್ಲ. ಇದನ್ನು ನಮ್ಮಣ್ಣನಿಗೆ ಮೂರು ಸಲ ಹೇಳಿದ್ದೀನಿ.

ಡಿಫರೆನ್ಷಿಯಲ್‌ನದೂ ಒಂದು ಮಾತು. ಸಾದಾ ಡಿಫರೆನ್ಷಿಯಲ್ ಎಡ ಬಲ ಎರಡೂ ಗಾಲಿಗೆ ಒಂದೇ ಟಾರ್ಕ್ ಕೊಡುತ್ತೆ. ಒಂದು ಗಾಲಿ ಕೆಸರಲ್ಲಿ ಸುಮ್ಮನೆ ತಿರುಗ್ತಾ ಇದ್ದರೆ, ಗಟ್ಟಿ ನೆಲದ ಮೇಲಿರೋ ಇನ್ನೊಂದಕ್ಕೂ ಅಷ್ಟೇ ಜುಜುಬಿ ಟಾರ್ಕ್. ಹಾಗಾಗಿ ಫೋರ್‌ವೀಲ್ ಗಾಡಿಯಲ್ಲೂ ಮುಂದೊಂದು ಹಿಂದೊಂದು ಗಾಲಿ, ಅದೂ ಎದುರುಬದುರು ಮೂಲೆಯಲ್ಲಿ, ಜಾರಿದರೆ ಕಥೆ ಮುಗಿಯಿತು. ಹಿಂದಿನ ಆಕ್ಸಲ್‌ನಲ್ಲಿ ಲಾಕ್ ಆಗೋ ಡಿಫರೆನ್ಷಿಯಲ್ ಇದ್ದರೆ ಟೂವೀಲ್ ಗಾಡಿಯೂ ಸುಮಾರು ದಾರಿ ದಾಟುತ್ತೆ. 2021ರಲ್ಲಿ ಬಂದ ಬೊಲೆರೊ ನಿಯೋದ ಎನ್10 ಆಪ್ಷನ್ ಅನ್ನೋ ವೇರಿಯಂಟ್‌ನಲ್ಲಿ ಇಂಥದ್ದಿದೆ. ಏಳು ಸೀಟು, ಹಿಂದಿನ ಗಾಲಿ ಎಳೆತ, ಹಿಂದೆ ಮೆಕ್ಯಾನಿಕಲ್ ಲಾಕ್. ನಮ್ಮ ದಾರಿಯ ಅರ್ಧದಷ್ಟು ಕೆಟ್ಟ ದಾರಿ ಇರೋವರಿಗೆ ನಾನು ಅದನ್ನೇ ಹೇಳ್ತೀನಿ.

ಹೆಸರು ನೋಡಿ ಮೋಸ ಹೋಗಬೇಡಿ

ಎತ್ತರ ಇದ್ದ ಮಾತ್ರಕ್ಕೆ ಗಾಡಿ ಫೋರ್‌ವೀಲ್ ಆಗೋದಿಲ್ಲ. ಊರಲ್ಲಿ ಓಡಾಡೋ ಸ್ಕಾರ್ಪಿಯೊಗಳಲ್ಲಿ ಹೆಚ್ಚಿನವು ಹಿಂದಿನ ಗಾಲಿ ಎಳೆತದವು. ಸ್ಕಾರ್ಪಿಯೊ ಕ್ಲಾಸಿಕ್‌ನಲ್ಲಿ ಫೋರ್‌ವೀಲ್ ಇಲ್ಲವೇ ಇಲ್ಲ. 2021ರಲ್ಲಿ ಬಂದ ಹೊಸ ಸಫಾರಿ ಮುಂದಿನ ಗಾಲಿ ಎಳೆತದ ಗಾಡಿ. ಹಳೇ ಸಫಾರಿಯ ಹೆಸರು ಮಾತ್ರ ಉಳಿದಿದೆ. ಹಿಂದಿನ ಬಾಗಿಲ ಮೇಲೆ ಅಂಟಿಸಿರೋ ಸ್ಟಿಕರ್ ನಂಬಬೇಡಿ, ಅದು ಅಂಗಡಿಯಲ್ಲಿ ಸಿಗುತ್ತೆ. ಗಾಡಿ ಅಡಿ ಬಗ್ಗಿ, ಮುಂದಿನ ಆಕ್ಸಲ್‌ಗೆ ಪ್ರೊಪೆಲ್ಲರ್ ಶಾಫ್ಟ್ ಹೋಗಿದೆಯಾ ನೋಡಿ. ಅರ್ಧ ನಿಮಿಷದ ಕೆಲಸ.

ನಿಜವಾದ ಫೋರ್‌ವೀಲ್‌ನಲ್ಲೂ ಜಾತಿ ಬೇರೆ ಬೇರೆ. ಹಳೇ ಜೀಪ್, ಜಿಪ್ಸಿ, ಥಾರ್, ಸ್ಕಾರ್ಪಿಯೊ, ಸಫಾರಿ ಸ್ಟಾರ್ಮ್ ಇವೆಲ್ಲ ಪಾರ್ಟ್‌ಟೈಮ್. ಬೇಕಾದಾಗ ಮುಂದಿನ ಹಿಂದಿನ ಶಾಫ್ಟ್‌ಗಳನ್ನು ಟ್ರಾನ್ಸ್‌ಫರ್ ಕೇಸ್ ಒಟ್ಟಿಗೆ ಬಿಗಿಯುತ್ತೆ. ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗಬೇಕು; ಕೆಸರಲ್ಲಾದರೆ ಚೂರು ಜಾರಿ ಹೊಂದಿಕೊಳ್ಳುತ್ತೆ, ಟಾರ್ ಮೇಲೆ ಜಾರೋದಿಲ್ಲ, ಆ ಒತ್ತಡ ಎಲ್ಲ ಗೇರು ಶಾಫ್ಟ್‌ಗಳ ಮೇಲೆ. ಅದಕ್ಕೇ ಟಾರ್ ರಸ್ತೆ ಮುಟ್ಟಿದ ಕೂಡಲೇ ಟೂವೀಲ್‌ಗೆ ಹಾಕಬೇಕು. ಇವುಗಳಲ್ಲಿ ಲೋ ರೇಂಜ್ ಇರುತ್ತೆ, ಟಾರ್ಕ್ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಕಡಿಮೆ. ಕಾಲು ಕ್ಲಚ್ ಮೇಲಿಡದೆ ನಡಿಗೆ ವೇಗದಲ್ಲಿ ಗಾಡಿ ತಾನೇ ಹೋಗುತ್ತೆ. ಮೊದಲ ಪೀಳಿಗೆಯ ಫಾರ್ಚೂನರ್ ಫೋರ್‌ವೀಲ್, ಅಂದರೆ 2009ರಲ್ಲಿ ಬಂದದ್ದು, ಪೂರ್ಣಕಾಲಿಕ. ನಡುವಿನ ಡಿಫರೆನ್ಷಿಯಲ್ ಇದೆ, ಬೇಕಾದಾಗ ಅದನ್ನು ಲಾಕ್ ಮಾಡಬಹುದು. ಡಸ್ಟರ್ ಎಡಬ್ಲ್ಯುಡಿ, ಎಕ್ಸ್‌ಯುವಿ500 ಎಡಬ್ಲ್ಯುಡಿ ಇವು ಮೂರನೇ ಜಾತಿ: ಸಾಮಾನ್ಯವಾಗಿ ಮುಂದಿನ ಗಾಲಿ ಎಳೆತ, ಜಾರಿದಾಗ ಕ್ಲಚ್ ಹಿಡಿದು ಹಿಂದಕ್ಕೂ ಟಾರ್ಕ್ ಹೋಗುತ್ತೆ. ಲೋ ರೇಂಜ್ ಇಲ್ಲ.

ನಮ್ಮ ಪಟ್ಟಿಯಿಂದ ಒಂದೊಂದೇ ಹೊಡೆದುಹಾಕಿದ್ದು ಹೀಗೆ. ಜಿಪ್ಸಿ: ಹಗುರ, ಕೆಸರಿನ ರಾಜ, ಆದರೆ ಕುಟುಂಬದ ಗಾಡಿ ಅಲ್ಲ. ಜಿಮ್ನಿಯಲ್ಲಿ ನಾಲ್ಕೇ ಸೀಟು. ಮೂರು ಬಾಗಿಲ ಥಾರ್ ಅಣ್ಣನ ಕನಸು, ಅಪ್ಪ ನೋಡಿ "ಅಜ್ಜಿನ ಇದರ ಹಿಂದಿನ ಸೀಟಿಗೆ ಹ್ಯಾಂಗ್ ಏರಸ್ತೀಯಪಾ, ಕ್ರೇನ್ ತರಸ್ತೀಯೇನ್?" ಅಂದಮೇಲೆ ಅಣ್ಣ ಸುಮ್ಮನಾದ. ಫಾರ್ಚೂನರ್ ಗಟ್ಟಿ, ಅನುಮಾನವಿಲ್ಲ. ಆದರೆ ನಮ್ಮ ರೊಕ್ಕಕ್ಕೆ ಸಿಗೋದು ತೀರಾ ಓಡಿದ್ದು, ಬಿಡಿಭಾಗದ ಬೆಲೆ ಕೇಳಿದರೆ ಇನ್ನೊಂದು ಬೆಳೆ ಬೇಕು. ಸ್ಕಾರ್ಪಿಯೊ-ಎನ್ ಫೋರ್‌ವೀಲ್ ನಮ್ಮ ಕೈಗೆ ಎಟುಕೋದಿಲ್ಲ.

ಡಸ್ಟರ್ ಎಡಬ್ಲ್ಯುಡಿ ಬಗ್ಗೆ ನನಗೆ ನಿಜಕ್ಕೂ ಆಸೆ ಇತ್ತು. 2014ರಲ್ಲಿ ಬಂದದ್ದು, 1.5 ಲೀಟರ್ ಡೀಸೆಲ್, ಹಿಂದೆಯೂ ಇಂಡಿಪೆಂಡೆಂಟ್ ಸಸ್ಪೆನ್ಷನ್, ನೆಲದಿಂದ 210 ಮಿ.ಮೀ. ಎತ್ತರ, ಮೊದಲ ಗೇರು ಬೇಕಂತಲೇ ಗಿಡ್ಡ. ಬಳ್ಳಾರಿಗೆ ದಿನಾ ಹೋಗಿಬರೋವರಿಗೆ ಇದರಷ್ಟು ಮೆತ್ತಗಿನ ಗಾಡಿ ಆ ಬೆಲೆಗೆ ಸಿಗೋದು ಕಷ್ಟ. ಎರಡು ಕಾರಣಕ್ಕೆ ಬಿಟ್ಟೆವು. ಐದೇ ಸೀಟು, ನಾವು ಏಳು ಜನ. ಇನ್ನೊಂದು, ಸಿರುಗುಪ್ಪದ ನಮ್ಮ ಮೇಸ್ತ್ರಿ ಹೇಳಿದ್ದು: "ಗಾಡಿ ಛಲೋ ಐತಿ ತಮ್ಮಾ. ಆದ್ರ ಹಿಂದಿನ ಕಪ್ಲಿಂಗ್ ಹೋದ್ರ ನಾ ಏನ್ ಮಾಡ್ಲಿ? ನನ್ನ ಹತ್ರ ಸ್ಪ್ಯಾನರ್ ಅದಾವು, ಕಂಪ್ಯೂಟರ್ ಇಲ್ಲ." ಹಳ್ಳಿಯ ಬದುಕಿಗೆ ಗಾಡಿ ಆರಿಸುವಾಗ ಹತ್ತಿರದ ಮೇಸ್ತ್ರಿಗೆ ಏನು ಬರುತ್ತೆ ಅನ್ನೋದು ಗಾಡಿಯ ಸ್ಪೆಸಿಫಿಕೇಷನ್‌ನಲ್ಲೇ ಸೇರಬೇಕು.

ಕೊನೆಗೆ ಉಳಿದದ್ದು ಎರಡು: ಸಫಾರಿ ಸ್ಟಾರ್ಮ್ ಮತ್ತು ಎಂಹಾಕ್ ಎಂಜಿನ್ನಿನ ಹಳೇ ಸ್ಕಾರ್ಪಿಯೊ. ಎರಡೂ 2.2 ಲೀಟರ್ ಡೀಸೆಲ್, ಎರಡರಲ್ಲೂ ಚಾಸಿಸ್ ಬೇರೆ ಬಾಡಿ ಬೇರೆ, ಎರಡರಲ್ಲೂ ಸ್ವಿಚ್ ತಿರುಗಿಸಿದರೆ ಫೋರ್‌ವೀಲ್. ಕೂರೋದಕ್ಕೆ ಸಫಾರಿ ಮೇಲು. ಬಿಡಿಭಾಗ ಸಿಗೋದರಲ್ಲಿ ಸ್ಕಾರ್ಪಿಯೊ ಮೇಲು. ಸಿರುಗುಪ್ಪದಲ್ಲಿ ಇಲ್ಲದಿದ್ದರೆ ಬಳ್ಳಾರಿಯಲ್ಲಿ ಅದೇ ದಿನ ಸಿಗುತ್ತೆ. ರಾತ್ರಿ ಹತ್ತು ಗಂಟೆಗೆ ಅಜ್ಜಿಗೋಸ್ಕರ ಸ್ಟಾರ್ಟ್ ಆಗಬೇಕಾದ ಗಾಡಿ, ಬಿಡಿಭಾಗಕ್ಕೆ ಕಾಯ್ತಾ ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲೋ ಹಾಗಿಲ್ಲ.

ಸ್ಕಾರ್ಪಿಯೊದಲ್ಲೂ ಹಿಂದಿನ ಸೀಟು ನೋಡಿ. ಎದುರುಬದುರು ಕೂರೋ ಅಡ್ಡ ಸೀಟಿನಲ್ಲಿ ಮಗುವನ್ನು ಕೂರಿಸೋದು ಅಪಾಯ. ಮುಂದಕ್ಕೆ ಮುಖ ಮಾಡಿದ ಸೀಟು ಇರೋದನ್ನೇ ಹುಡುಕಿ. ಎಬಿಎಸ್ ಎಲ್ಲ ಕಾರಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ. ಅದಕ್ಕಿಂತ ಹಳೇ ಗಾಡಿಯಲ್ಲಿ ಮೇಲಿನ ವೇರಿಯಂಟ್‌ನಲ್ಲಿ ಇದ್ದರುಂಟು, ಇಲ್ಲದಿದ್ದರಿಲ್ಲ. ಕೇಳೋದಲ್ಲ, ಸ್ಟೇರಿಂಗ್ ಮೇಲೆ ಬರೆದಿರೋದನ್ನು, ಮೀಟರ್‌ನಲ್ಲಿ ದೀಪ ಹತ್ತಿ ಆರೋದನ್ನು ಕಣ್ಣಾರೆ ನೋಡಿ.

ಜಾಕಿ ಪರೀಕ್ಷೆ

ಇದೊಂದು ಭಾಗವನ್ನು ಮೊಬೈಲಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಪಾರ್ಟ್‌ಟೈಮ್ ಗಾಡಿಯಲ್ಲಿ ಫೋರ್‌ವೀಲ್ ನಿಜವಾಗಿ ಕೆಲಸ ಮಾಡುತ್ತಾ ಅಂತ ಒಂದೇ ಜಾಕಿಯಿಂದ ತಿಳಿಯಬಹುದು.

ಮಣ್ಣಿನ ನೆಲದಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಫೋರ್‌ಹೈಗೆ ಹಾಕಿ, ನಾಲ್ಕು ಮಾರು ಮುಂದೆ ಹೋಗಿ ನಿಲ್ಲಿಸಿ. ಕೆಲವು ಗಾಡಿಯಲ್ಲಿ ಮುಂದಿನ ಹಬ್ ಲಾಕ್ ಆಗೋದಕ್ಕೆ ಆ ಓಟ ಬೇಕು. ಮಟ್ಟಸ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿಟ್ಟು, ಎಂಜಿನ್ ಆಫ್ ಮಾಡಿ, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ಈಗ ಮುಂದಿನ ಒಂದೇ ಗಾಲಿ ಎತ್ತಿ. ಗಾಡಿ ಅಡಿಗೆ ಹೋಗಬೇಡಿ, ಪಕ್ಕದಲ್ಲಿ ನಿಂತು ಎತ್ತಿದ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಸ್ವಲ್ಪ ಆಚೀಚೆ ಆಡಿ ನಿಂತುಬಿಟ್ಟರೆ ಫೋರ್‌ವೀಲ್ ಹಿಡಿದಿದೆ. ಸಲೀಸಾಗಿ ಸುತ್ತು ಹೊಡೆದರೆ ಎಲ್ಲೋ ಹಿಡಿದಿಲ್ಲ.

ಯಾಕೆ? ಎರಡು ಮುಂದಿನ ಗಾಲಿಗಳ ವೇಗದ ಸರಾಸರಿಯೇ ಮುಂದಿನ ಶಾಫ್ಟಿನ ವೇಗಕ್ಕೆ ತಾಳೆ ಆಗಬೇಕು. ಅದೇ ಡಿಫರೆನ್ಷಿಯಲ್ಲಿನ ನಿಯಮ. ನೆಲದ ಮೇಲಿರೋ ಗಾಲಿಯ ವೇಗ ಸೊನ್ನೆ. ಮುಂದಿನ ಶಾಫ್ಟು ಟ್ರಾನ್ಸ್‌ಫರ್ ಕೇಸ್ ಮೂಲಕ ಹಿಂದಿನ ಶಾಫ್ಟಿಗೆ ಬಿಗಿದಿದ್ದರೆ ಅದರ ವೇಗವೂ ಸೊನ್ನೆ. ಹಾಗಾದರೆ ಎತ್ತಿದ ಗಾಲಿ ತಿರುಗೋದಕ್ಕೆ ದಾರಿಯೇ ಇಲ್ಲ. ನಾಲ್ಕನೇ ಸೆಮಿಸ್ಟರಿನಲ್ಲಿ ಈ ಸೂತ್ರವನ್ನು ಬಾಯಿಪಾಠ ಮಾಡಿದ್ದೆ, ಇದು ಅಪ್ಪನ ರೊಕ್ಕ ಉಳಿಸುತ್ತೆ ಅಂತ ಆಗ ಗೊತ್ತಿರಲಿಲ್ಲ. ಡಸ್ಟರ್ ಥರದ ಗಾಡಿಗೆ ಈ ಪರೀಕ್ಷೆ ನಡೆಯೋದಿಲ್ಲ, ಅದರ ಕ್ಲಚ್‌ಗೆ ಕರೆಂಟು ಬೇಕು. ಅದನ್ನು ಸಡಿಲ ಮಣ್ಣಿನಲ್ಲೇ ಓಡಿಸಿ ನೋಡಬೇಕು.

ಉಳಿಸಿದ್ದು ಹೇಗೆ ಅಂದರೆ: ನಾವು ಬಳ್ಳಾರಿಯಲ್ಲಿ ನೋಡಿದ ಮೊದಲ ಗಾಡಿಯಲ್ಲಿ ಸ್ವಿಚ್ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು. ಮಾರುವವರು "ನೋಡ್ರಿ, ಪರ್ಫೆಕ್ಟ್" ಅಂದರು. ಜಾಕಿ ಕೊಟ್ಟು ಎತ್ತಿದರೆ ಗಾಲಿ ಬಾವಿಯ ರಾಟೆ ಹಾಗೆ ತಿರುಗ್ತಾ ಇತ್ತು. ಬಹಳ ದಿನ ಫೋರ್‌ವೀಲ್ ಹಾಕದೆ ಬಿಟ್ಟರೆ ಹಬ್, ಶಿಫ್ಟ್ ಮೋಟಾರು ಹಿಡಿದುಕೊಂಡುಬಿಡ್ತಾವೆ ಅಂತ ಮೇಸ್ತ್ರಿ ಹೇಳಿದರು. ಕೇಳಿದ್ದು ಐದೂಮುಕ್ಕಾಲು ಲಕ್ಷ. ಅಪ್ಪ ಚಹಾ ಕುಡಿದು ನಮಸ್ಕಾರ ಮಾಡಿ ಎದ್ದುಬಂದರು.

ಎರಡನೇ ಗಾಡಿ ಹೊರಗಿಂದ ಕನ್ನಡಿ. ಬಾಗಿಲ ಕೀಲಿನ ಸಂದಿಗೆ ಬೆರಳು ಹಾಕಿದರೆ ಕೆಂಪು ಧೂಳು. ಏರ್ ಫಿಲ್ಟರ್ ಡಬ್ಬಿಯ ಒಳಗೆ, ಎಸಿ ಕಿಂಡಿಯ ಹಿಂದೆ, ಎಲ್ಲ ಕಡೆ ಅದೇ. ಅದಿರಿನ ಧೂಳು. ನಮ್ಮ ಜಿಲ್ಲೆಯಲ್ಲಿ ಹಳೇ ಫೋರ್‌ವೀಲ್ ಅಂದರೆ ಸಂಡೂರು ಕಡೆಯ ಗಣಿಯಲ್ಲಿ ದುಡಿದದ್ದಾ ಅಂತ ಮೊದಲು ಕೇಳಬೇಕು. ಗಣಿಯಲ್ಲಿ ಓಡಿದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಆದರೆ ಮೀಟರಿನಲ್ಲಿ ತೋರಿಸೋ ಕಿಲೋಮೀಟರ್‌ಗೂ ಅದು ದುಡಿದದ್ದಕ್ಕೂ ತಾಳೆ ಇರೋದಿಲ್ಲ.

ನೀರಲ್ಲಿ ಮುಳುಗಿದ ಗಾಡಿಯ ಗುರುತು ಇನ್ನೊಂದು. 2015ರ ಡಿಸೆಂಬರ್‌ನ ಚೆನ್ನೈ ನೆರೆ, 2022ರ ಸೆಪ್ಟೆಂಬರ್‌ನ ಬೆಂಗಳೂರು ನೆರೆ ನೆನಪಿರಬಹುದು. ಅಂಥ ಗಾಡಿಗಳು ತೊಳೆದುಕೊಂಡು ಬೇರೆ ಊರಿಗೆ ಹೋಗ್ತಾವೆ. ಸೀಟ್‌ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿರೋ ಭಾಗವನ್ನು ಯಾರೂ ತೊಳೆಯೋದಿಲ್ಲ, ಮಣ್ಣಿನ ಗೆರೆ ಅಲ್ಲಿ ಕಾಣುತ್ತೆ. ಟ್ರಾನ್ಸ್‌ಫರ್ ಕೇಸ್ ಎಣ್ಣೆಯನ್ನು ಮೇಸ್ತ್ರಿ ಕೈಲಿ ಸ್ವಲ್ಪ ತೆಗೆಸಿ ನೋಡಿ. ಮಜ್ಜಿಗೆ ಬಣ್ಣ ಇದ್ದರೆ ನೀರು ಹೋಗಿದೆ.

ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತ ಇರಬೇಕು ಅನ್ನೋದನ್ನು ಎಲ್ಲರೂ ಹಗುರಾಗಿ ತಗೋತಾರೆ. ಮುಂದೆ ಹೊಸದು, ಹಿಂದೆ ಐದು ಮಿ.ಮೀ. ಸವೆದದ್ದು ಅಂದುಕೊಳ್ಳಿ. ಗಾಲಿಯ ತ್ರಿಜ್ಯ 360 ಮಿ.ಮೀ. ಆದರೆ ವ್ಯತ್ಯಾಸ ಶೇ. 1.4. ಒಂದು ಕಿಲೋಮೀಟರ್ ಹೋಗೋದರೊಳಗೆ ಮುಂದಿನ ಗಾಲಿಗೂ ಹಿಂದಿನದಕ್ಕೂ ಸುಮಾರು 14 ಮೀಟರ್ ಜಗಳ. ಆ ಜಗಳ ತೀರೋದು ಟ್ರಾನ್ಸ್‌ಫರ್ ಕೇಸ್ ಒಳಗೆ. ಕೆಸರಿನ ದಾರಿಗೆ ಹೈವೇ ಟೈರಿಗಿಂತ ಆಲ್‌ಟೆರೇನ್ ಟೈರು ಮೇಲು, ಸಂದು ಅಗಲ ಇದ್ದಷ್ಟು ಮಣ್ಣು ತಾನೇ ಉದುರುತ್ತೆ. ಗಾಳಿ ಇಳಿಸೋದೂ ಒಂದು ಉಪಾಯ: ಒಂದು ಗಾಲಿಯ ಮೇಲೆ 550 ಕೆ.ಜಿ. ಇದ್ದು 32 ಪಿಎಸ್‌ಐ ಗಾಳಿ ಇದ್ದರೆ ನೆಲ ಮುಟ್ಟೋ ಜಾಗ ಸುಮಾರು 245 ಚದರ ಸೆಂ.ಮೀ., 18ಕ್ಕೆ ಇಳಿಸಿದರೆ ಸುಮಾರು 435. ಹೂಳೋದು ಕಡಿಮೆ ಆಗುತ್ತೆ. ಆದರೆ ಟಾರ್ ರಸ್ತೆಗೆ ಹೋಗೋ ಮುಂಚೆ ಮತ್ತೆ ತುಂಬಬೇಕು, ಹಾಗಾಗಿ ಪುಟ್ಟ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಕಾಗದಪತ್ರ

ಇದು ಬೇಜಾರಿನ ಭಾಗ, ಬೇಗ ಮುಗಿಸ್ತೀನಿ. ಮೂರನೇ ಗಾಡಿ ದೆಹಲಿ ನಂಬರ್‌ನದು, ಎಲ್ಲಕ್ಕಿಂತ ಅಗ್ಗ. ದೆಹಲಿ ಸೀಮೆಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಬೆಲೆ ಬಿದ್ದು ಗಾಡಿಗಳು ದಕ್ಷಿಣಕ್ಕೆ ಬಂದವು. ಆದರೆ ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು, ಅಲ್ಲಿಂದ ಫಾರಂ 28ರ ಎನ್‌ಒಸಿ ತರಬೇಕು. ಎಲ್ಲ ಕೂಡಿಸಿದರೆ ಅಗ್ಗ ಎಲ್ಲೋ ಕರಗಿಹೋಗುತ್ತೆ. ಗಡಿ ಆಚೆಯ ಆಂಧ್ರ ನಂಬರ್‌ಗೂ ಇದೇ ಲೆಕ್ಕ. ನಮ್ಮದು ಗಡಿ ತಾಲ್ಲೂಕು, "ಯಾರೂ ಕೇಳಂಗಿಲ್ಲ ತಗೋರಿ" ಅನ್ನೋವರು ಸಿಗ್ತಾರೆ. ಇನ್ಶೂರೆನ್ಸ್ ಕ್ಲೈಮ್ ಬಂದ ದಿನ ಅವರು ಸಿಗೋದಿಲ್ಲ. ಕೆಎ-34, 35, 36, 37 ಹತ್ತಿರದವೇ ಸಾಕು. ಫಾರಂ 29, 30 ಸಹಿ, ಸಾಲ ಇದ್ದಿದ್ದರೆ ಫಾರಂ 35, ಎಂಪರಿವಾಹನ್ ಆಪ್‌ನಲ್ಲಿ ಆರ್‌ಸಿ ತಾಳೆ. ಹದಿನೈದು ವರ್ಷ ಆದಮೇಲೆ ಆರ್‌ಸಿ ನವೀಕರಿಸಬೇಕು, 2022ರ ಏಪ್ರಿಲ್‌ನಿಂದ ಕಾರಿಗೆ ಅದರ ಶುಲ್ಕ 5,000 ರೂಪಾಯಿ.

ನಾವು ತಗೊಂಡದ್ದು

ನಾಲ್ಕನೆಯದು ಕೆಎ-35, 2012ರ ಸ್ಕಾರ್ಪಿಯೊ ಫೋರ್‌ವೀಲ್, ಒಬ್ಬರೇ ಮಾಲೀಕರು. ಜಾಕಿ ಪರೀಕ್ಷೆಯಲ್ಲಿ ಗಾಲಿ ಕಲ್ಲಿನ ಹಾಗೆ ನಿಂತಿತು. ಎಣ್ಣೆ ಸ್ವಚ್ಛ. ಟೈರು ಮಾತ್ರ ಮುಗಿದಿತ್ತು, ಅದು ಚೌಕಾಸಿಗೆ ಅನುಕೂಲವಾಯಿತು. ಕೊನೆಯ ಪರೀಕ್ಷೆಗೆ ಅಪ್ಪ ಅಜ್ಜಿಯನ್ನೇ ಕರೆದುಕೊಂಡು ಬಂದಿದ್ದರು. ಅಜ್ಜಿ ಒಂದು ಕಾಲೆತ್ತಿ ನೋಡಿ, "ಯವ್ವಾ, ಅಟ್ಟ ಏರಿದಂಗ ಆಗ್ತೈತಲ್ಲೋ" ಅಂತ ಇಳಿಸಿಬಿಟ್ಟಳು. ಮೇಸ್ತ್ರಿ ಅಲ್ಲೇ ಅಳತೆ ತಗೊಂಡು ಎರಡನೇ ಬಾಗಿಲಿಗೆ ಒಂಬತ್ತು ಇಂಚು ಕೆಳಗೆ ಇನ್ನೊಂದು ಮೆಟ್ಟಿಲು ಮಾಡಿಕೊಟ್ಟರು. ಕಬ್ಬಿಣದ ಸರಳಿನಿಂದ ನೇತುಹಾಕಿದ್ದು, ಏರಿದ ಮೇಲೆ ಮಡಚಿಡೋದು. ಕೆಳಗೆ ಬಿಟ್ಟೇ ಓಡಿಸಿದರೆ ಕ್ಲಿಯರೆನ್ಸ್ ಲೆಕ್ಕ ಎಲ್ಲ ಹಾಳು.

ಗಾಡಿಗೆ 4,60,000. ನಾಲ್ಕು ಟೈರಿಗೆ 44,000. ಎಲ್ಲ ಎಣ್ಣೆ, ಬೆಲ್ಟು, ಶಾಫ್ಟಿನ ಕ್ರಾಸು, ಬುಷ್ಷು, ಮೆಟ್ಟಿಲು ಸೇರಿ 31,000. ಇನ್ಶೂರೆನ್ಸು, ಹೆಸರು ಬದಲಾವಣೆ 22,000. ಹಳೇ ಗಾಡಿಗೆ ಬಜೆಟ್ ಪೂರ್ತಿ ಸುರಿಯಬೇಡಿ ಅಂತ ನಾನು ಹೇಳೋದು ಇದಕ್ಕೇ. ಬೆಲೆಯ ಐದನೇ ಒಂದು ಪಾಲು ಕೈಯಲ್ಲಿರಲಿ. ಆರ್‌ಸಿ 2027ರಲ್ಲಿ ಮುಗಿಯುತ್ತೆ, ಆ ಖರ್ಚು ಮುಂದೆ ಇದೆ ಅನ್ನೋದನ್ನೂ ಅಪ್ಪನಿಗೆ ಮೊದಲೇ ಹೇಳಿದ್ದೆ.

ಗಾಡಿ ಬಂದ ಮೇಲೆ ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದಾಗಲೇ ಒಂದು ದಿನ ಕೆಸರಿನಲ್ಲಿ ಓಡಿಸಿ ನೋಡಿದೆವು. ಆರುನೂರು ಮೀಟರ್ ಫೋರ್‌ಹೈನಲ್ಲಿ ಸಲೀಸು. ಕಾಲುವೆ ಏರಿಗೆ ಬಂದು ಫೋರ್‌ಲೋ ಹಾಕಿದೆವು, ಅರ್ಧಕ್ಕೆ ಹೋಗಿ ನಾಲ್ಕೂ ಗಾಲಿ ತಿರುಗ್ತಾ ನಿಂತಿತು. ಹಾಳೆಯಲ್ಲಿ ಬರೆದಿದ್ದ 550ಕ್ಕೆ 550. ಅಣ್ಣ ನನ್ನ ಮುಖ ನೋಡಿದ. ನಾನು ಲೆಕ್ಕದ ಹಾಳೆ ತೋರಿಸಿದೆ. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಗೋಣಿಚೀಲ, ನೆಲ್ಲುಹುಲ್ಲು ತರೋಕೆ ಹೋದ.

ಉಳಿದಿದ್ದ ರೊಕ್ಕದಲ್ಲಿ 33,000 ಹಾಕಿ ಆ ಅರವತ್ತು ಮೀಟರ್‌ಗೆ ಟ್ರ್ಯಾಕ್ಟರ್‌ನಲ್ಲಿ ಗರಸು ಹೊಡೆಸಿದೆವು. ಟ್ರ್ಯಾಕ್ಟರ್ ಕೊಟ್ಟದ್ದು ಅದೇ ಮಾವ, ಬಾಡಿಗೆ ತಗೊಳ್ಳಲಿಲ್ಲ. ಈಗ ಅಲ್ಲಿ ಅವರ ಬೈಕೂ ಹೋಗುತ್ತೆ. ಆಗಸ್ಟ್‌ನಲ್ಲಿ ಅಜ್ಜಿಯನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ಮನೆಯಿಂದ ಟಾರ್ ರಸ್ತೆಗೆ ಹನ್ನೊಂದು ನಿಮಿಷ ಅಂತ ಅಣ್ಣ ಫೋನ್ ಮಾಡಿ ಹೇಳಿದ. ಕೇಜ್‌ವೀಲ್‌ನವರು ಗರಸಿನ ಮೇಲೆ ಬರಬಾರದು ಅಂತ ಅಪ್ಪ ಒಂದು ಬೋರ್ಡ್ ಬರೆಸಿದ್ದಾರೆ. ಯಾರೂ ಅದನ್ನು ಓದ್ತಾ ಇಲ್ಲ.

ನಿಮ್ಮನೆಯವರು ಹಳೇ ಗಾಡಿ ನೋಡೋಕೆ ಬಳ್ಳಾರಿಗೆ ಬರೋದಿದ್ದರೆ ನನಗೆ ಹೇಳಿ. ಜಾಕಿ ನನ್ನ ಹತ್ತಿರ ಇದೆ, ಕಲ್ಲು ಅಲ್ಲೇ ಸಿಗುತ್ತೆ. ಭಾನುವಾರ ಮಾತ್ರ, ಶನಿವಾರ ಲ್ಯಾಬ್ ಇದೆ.